ನೀರು ಬಂಡೆಯನ್ನು ಕೊರೆಯುವುದು ಹೇಗೆ?

ಬೋಧನಾಭ್ಯಾಸದ ಪಾಠದಲ್ಲಿ "ನದಿಯ ನೀರು ಬಂಡೆಯನ್ನು ಕೊರೆಯುತ್ತದೆ" ಎಂದೆ. "ನಮ್ಮನೆ ಕಲ್ಲುತೊಟ್ಟಿಯಲ್ಲಿ ದಿನಾ ನೀರಿರುತ್ತೆ, ಅದ್ಯಾಕೆ ಸವೆದಿಲ್ಲ ಮಿಸ್?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನನಗೆ ಉತ್ತರ ತೋಚಲಿಲ್ಲ.

ಭಾನುವಾರ ಕನಕಪುರ ತಾಲ್ಲೂಕಿನ ಮೇಕೆದಾಟಿಗೆ ಹೋದೆ. ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡ ಕಾವೇರಿ ಇಲ್ಲಿ ಗಟ್ಟಿ ಬಂಡೆಗಳ ನಡುವಿನ ಇಕ್ಕಟ್ಟಾದ ಕಮರಿಗೆ ನುಗ್ಗುತ್ತದೆ. ದಂಡೆಯ ಬಂಡೆಗಳಲ್ಲಿ ಒರಳಿನಂಥ ಕುಳಿಗಳು. ಕೆಲವುಗಳ ತಳದಲ್ಲಿ ನುಣುಪಾದ ಕಲ್ಲುಗಳು. ಪ್ರವಾಹದ ಸುಳಿ ಕಲ್ಲು, ಮರಳನ್ನು ತಿರುಗಿಸಿ ಬಂಡೆಯನ್ನು ಅರೆದಾಗ ಇಂಥ ಕುಳಿಗಳಾಗುತ್ತವೆ. ತೊಟ್ಟಿಯ ನೀರಿಗೆ ಆ ವೇಗವೂ ಇಲ್ಲ, ಕಲ್ಲುಮರಳೂ ಇಲ್ಲ.

ಸೋಮವಾರ ಎರಡು ಡಬ್ಬಿಗಳಲ್ಲಿ ಇಟ್ಟಿಗೆ ಚೂರು, ನೀರು ಹಾಕಿ, ಒಂದಕ್ಕೆ ಮಾತ್ರ ಜಲ್ಲಿ ಸೇರಿಸಿ ಮಕ್ಕಳಿಂದ ಕುಲುಕಿಸಿದೆ. ಜಲ್ಲಿಯಿದ್ದ ಡಬ್ಬಿಯ ಚೂರೇ ಹೆಚ್ಚು ಸವೆದಿತ್ತು. ಪಾಠಯೋಜನೆಯ ವಾಕ್ಯವನ್ನು ತಿದ್ದಿದೆ: "ನದಿಯು ಮುಖ್ಯವಾಗಿ ತಾನು ಹೊತ್ತು ತರುವ ಕಲ್ಲುಮರಳಿನಿಂದ ಬಂಡೆಯನ್ನು ಕೊರೆಯುತ್ತದೆ."