ಚೌಕಾಸಿಯ ಮರ್ಯಾದೆ

ಚೌಕಾಸಿ ಮಾಡದೆ ಬದುಕಿದವರು ನಮ್ಮಲ್ಲಿ ವಿರಳ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೀರೆ ಕೊಳ್ಳುವವರಾಗಲಿ, ಭದ್ರಾವತಿಯ ಹಳೇನಗರದಲ್ಲಿ ಸೊಪ್ಪು ಕೊಳ್ಳುವವರಾಗಲಿ, ಹೇಳಿದ ಬೆಲೆಗೆ ತಲೆಯಾಡಿಸಿ ಹಣ ಎಣಿಸಿಬಿಟ್ಟರೆ ಎರಡು ಕಡೆಯವರಿಗೂ ಏನೋ ಕಳೆದುಕೊಂಡಂತಾಗುತ್ತದೆ. ಇನ್ನಷ್ಟು ಹೇಳಬಹುದಿತ್ತು ಎಂಬ ಕೊರಗು ಮಾರಿದವನಿಗೆ. ಇನ್ನಷ್ಟು ಕೇಳಬಹುದಿತ್ತು ಎಂಬ ಕೊರಗು ಕೊಂಡವನಿಗೆ. ಇಬ್ಬರೂ ನಾಲ್ಕು ಮಾತಾಡಿ ನಡುವೆ ಎಲ್ಲೋ ಒಂದೆಡೆ ಸೇರಿದಾಗಲೇ ವ್ಯಾಪಾರ ಕುದುರಿತು ಎನ್ನುತ್ತೇವೆ.

ಚೌಕಾಸಿ ಎಂಬ ಮಾತು ಕನ್ನಡಕ್ಕೂ ಮರಾಠಿಗೂ ಸಮಾನವಾದುದು. ಮರಾಠಿಯಲ್ಲಿ ಇಂದಿಗೂ 'ಚೌಕಶಿ' ಎಂದರೆ ವಿಚಾರಣೆ, ತನಿಖೆ. ಕನ್ನಡದಲ್ಲಿ ಅದರ ಅರ್ಥ ಸಂಕೋಚಗೊಂಡು, ಬೆಲೆಯನ್ನು ಕುರಿತ ಜಗ್ಗಾಟವೆಂಬಷ್ಟಕ್ಕೆ ನಿಂತಿದೆ. ಆ ಮೊದಲಿನ ಅರ್ಥವನ್ನು ಇಂದು ಮತ್ತೆ ನೆನೆಯಬೇಕಾಗಿದೆ. ಏಕೆಂದರೆ ನಮ್ಮ ಕಾಲದಲ್ಲಿ ಹೊಸದೊಂದು ಸಂತೆ ನೆರೆದಿದೆ. ಅಲ್ಲಿ ವಿಚಾರಣೆಯಿಲ್ಲದ ಚೌಕಾಸಿಯೇ ಹೆಚ್ಚು. ಅದರಿಂದ ಆಗುವ ಮನಸ್ತಾಪಗಳೂ ಹೆಚ್ಚು.

ನಾನು ಹೇಳುತ್ತಿರುವುದು ಹಳೆಯ ನಾಣ್ಯ, ಅಂಚೆಚೀಟಿ, ನೋಟು, ಲಕೋಟೆ, ಬೆಂಕಿಪೊಟ್ಟಣದ ಚಿತ್ರ, ಹಳೆಯ ಪುಸ್ತಕ ಮುಂತಾದ ಸಂಗ್ರಹಯೋಗ್ಯ ವಸ್ತುಗಳನ್ನು ಅಂತರಜಾಲದಲ್ಲಿ ಕೊಳ್ಳುವ, ಮಾರುವ ಸಂತೆಯ ವಿಚಾರ. ಹಿಂದೆ ಇಂಥ ಹವ್ಯಾಸಿಗಳು ವರ್ಷಕ್ಕೊಮ್ಮೆ ಬೆಂಗಳೂರಿನ ಪ್ರದರ್ಶನಕ್ಕೆ ಹೋಗಿ ಬರುತ್ತಿದ್ದರು. ಇಲ್ಲವೆ ಪರಿಚಿತ ವ್ಯಾಪಾರಿಗೆ ಕಾಗದ ಬರೆದು ಉತ್ತರಕ್ಕಾಗಿ ಕಾಯುತ್ತಿದ್ದರು. ಇಂದು ಶಿವಮೊಗ್ಗದ ವಿದ್ಯಾರ್ಥಿಯೂ ಭದ್ರಾವತಿಯ ನ್ಯೂಟೌನಿನ ನಿವೃತ್ತ ಕಾರ್ಮಿಕನೂ ಮೊಬೈಲಿನಲ್ಲಿ ಒಂದು ಚಿತ್ರ ಹಾಕಿದರೆ ಸಾಕು, ಕ್ಷಣಮಾತ್ರದಲ್ಲಿ ದೇಶದ ನಾಲ್ಕು ಮೂಲೆಗಳಿಂದ ಕೇಳುವವರು ಬರುತ್ತಾರೆ.

ಇಂಥ ವಸ್ತುಗಳಲ್ಲಿ ಚೌಕಾಸಿ ತಪ್ಪೇ? ಖಂಡಿತ ಅಲ್ಲ. ಸಾಬೂನಿನ ಮೇಲೆ ಗರಿಷ್ಠ ಬೆಲೆ ಅಚ್ಚಾಗಿರುತ್ತದೆ. ಹಳೆಯ ನಾಣ್ಯದ ಮೇಲೆ ಅಚ್ಚಾಗಿರುವುದು ಅದರ ಮುಖಬೆಲೆ ಮಾತ್ರ. ಅದರ ಇಂದಿನ ಬೆಲೆಯನ್ನು ನಿರ್ಧರಿಸುವವು ಮೂರು: ವಸ್ತು ಎಷ್ಟು ಅಪರೂಪ, ಅದರ ಸ್ಥಿತಿ ಎಂಥದು, ಅದನ್ನು ಬಯಸುವವರು ಎಷ್ಟು ಮಂದಿ. ಈ ಮೂರನ್ನೂ ತೂಗುವ ತಕ್ಕಡಿ ಯಾವ ಅಂಗಡಿಯಲ್ಲಿಯೂ ಇಲ್ಲ. ಇಬ್ಬರ ಮಾತುಕತೆಯೇ ತಕ್ಕಡಿ. ಆದರೆ ಗಾಂಧಿ ಬಜಾರಿನಲ್ಲಿ ಸೀರೆಯನ್ನು ಬಿಡಿಸಿ, ಮುಟ್ಟಿ, ಬೆಳಕಿಗೆ ಹಿಡಿದು ನೋಡಬಹುದು; ಅಂಗಡಿಯವರ ಮುಖವನ್ನೂ ನೋಡಬಹುದು. ಹೊಸ ಸಂತೆಯಲ್ಲಿ ವಸ್ತು ಕೈಗೆ ಸಿಗದು, ಮುಖ ಕಣ್ಣಿಗೆ ಬೀಳದು. ಉಳಿಯುವುದು ಒಂದೆರಡು ಚಿತ್ರ ಮತ್ತು ಮಾತು. ಆದುದರಿಂದ ಮಾತಿನ ಮೇಲೆ ಬೀಳುವ ಭಾರ ಇಲ್ಲಿ ಹೆಚ್ಚು.

ಮೊದಲನೆಯ ಮರ್ಯಾದೆ, ಬೆಲೆಗೆ ಮುಂಚೆ ವಿಚಾರಣೆ. ಇದನ್ನು ಮಲೆನಾಡಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಶಿವಮೊಗ್ಗದ ಮಂಡಿಯಲ್ಲಿ "ಅಡಿಕೆಗೆ ಎಷ್ಟು?" ಎಂದು ಬರಿದೇ ಕೇಳಿದವನನ್ನು ಕಂಡು ಜನ ನಗುತ್ತಾರೆ. ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಎಂದು ಮೊದಲು ಹೇಳಬೇಕು. ನಾಣ್ಯಕ್ಕೂ ಹಾಗೆಯೇ. ಕೆಳದಿ ಅರಸರ ಚಿನ್ನದ ವರಾಹದ ಮುಮ್ಮುಖದಲ್ಲಿ ಶಿವಪಾರ್ವತಿಯರ ಚಿತ್ರವಿದೆ. ಹಿಮ್ಮುಖದಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಸದಾಶಿವ' ಎಂದಿದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ತನ್ನ ವರಾಹಗಳಲ್ಲಿ ಅದೇ ಶಿವಪಾರ್ವತಿಯರನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಹಾಕಿಸಿದ. ಒಂದೇ ಬದಿಯ ಚಿತ್ರ ನೋಡಿ ಬೆಲೆ ಕಟ್ಟುವವನು ನಾಯಕರ ನಾಣ್ಯವನ್ನೂ ನವಾಬನ ನಾಣ್ಯವನ್ನೂ ಬೇರ್ಪಡಿಸಲಾರ. ಎರಡೂ ಬದಿಗಳ ಚಿತ್ರ, ತೂಕ, ಅಂಚು ಸವೆದಿದೆಯೇ, ಆಭರಣಕ್ಕೆಂದು ಕೊಂಡಿ ಬೆಸೆದ ಗುರುತಿದೆಯೇ, ಹೊಳಪಿಗಾಗಿ ಹುಣಸೆಹಣ್ಣು ಹಾಕಿ ಉಜ್ಜಿದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಉಜ್ಜಿದ ನಾಣ್ಯ ಮನೆಯವರ ಕಣ್ಣಿಗೆ ಚೆಂದ. ಬಲ್ಲವನ ಕಣ್ಣಿಗೆ ಬೆಲೆ ಕಳೆದುಕೊಂಡ ನಾಣ್ಯ. ಇಷ್ಟನ್ನು ವಿನಯದಿಂದ ಕೇಳುವುದು ಅಪನಂಬಿಕೆಯಾಗುವುದಿಲ್ಲ. ಚೌಕಾಸಿಯ ಹಳೆಯ ಅರ್ಥವೇ ಅದು.

ಎರಡನೆಯದು, ಬೆಲೆ ಕೇಳುವ ಬಗೆ. "ಲಾಸ್ಟ್ ಎಷ್ಟು?" ಎಂಬ ಎರಡೇ ಮಾತಿನ ಪ್ರಶ್ನೆ ಇಂದು ಎಲ್ಲೆಲ್ಲೂ ಕೇಳಿಬರುತ್ತದೆ. ನಮಸ್ಕಾರವಿಲ್ಲ, ವಸ್ತುವಿನ ಬಗ್ಗೆ ಒಂದು ಮಾತಿಲ್ಲ, ತಾನೆಷ್ಟು ಕೊಡಬಲ್ಲೆನೆಂಬ ಸೂಚನೆಯೂ ಇಲ್ಲ. ಎಲೆ ಹಾಕುವ ಮುನ್ನವೇ ಮಜ್ಜಿಗೆ ಕೇಳಿದಂತಾಯಿತು! ಹೀಗೆ ಕೇಳುವವನು ತಾನೇನನ್ನೂ ಹೇಳದೆ ಎದುರಿನವನ ಬಾಯಿಯಿಂದ ಎಲ್ಲವನ್ನೂ ಹೊರಡಿಸಲು ನೋಡುತ್ತಾನೆ. ಅದಕ್ಕಿಂತ, "ತಾವು 1,000 ರೂಪಾಯಿ ಹೇಳಿದ್ದೀರಿ. ಅಂಚಿನಲ್ಲಿ ಸಣ್ಣ ಪೆಟ್ಟು ಕಾಣುತ್ತಿದೆ. 850ಕ್ಕೆ ಕೊಡಲು ಸಾಧ್ಯವೇ?" ಎಂದು ಬರೆದರೆ ಅದರಲ್ಲಿ ಬೆಲೆಯೂ ಇದೆ, ಕಾರಣವೂ ಇದೆ, ನಿರಾಕರಿಸುವ ಸ್ವಾತಂತ್ರ್ಯವೂ ಇದೆ. ಸಾವಿರ ಹೇಳಿದವನನ್ನು ನೂರಕ್ಕೆ ಕೇಳುವುದು ಚತುರತೆಯೆಂದು ಕೆಲವರು ಭಾವಿಸುತ್ತಾರೆ. ಅಂಥವರ ಮುಂದಿನ ಮಾತಿಗೆ, ಅದು ನ್ಯಾಯವಾದುದೇ ಆಗಿದ್ದರೂ, ಉತ್ತರ ಬರುವುದಿಲ್ಲ.

ಬೆಲೆ ಇಳಿಸಲೆಂದು ಇಲ್ಲದ ದೋಷವನ್ನು ಹುಡುಕುವುದು ಇನ್ನೂ ಕೆಟ್ಟದು. ಹೆಣ್ಣು ನೋಡಲು ಬಂದವರು ವರದಕ್ಷಿಣೆಯ ಆಸೆಗೆ ಹುಡುಗಿಯ ಮೂಗನ್ನು ಆಡಿಕೊಂಡಂತೆ ಅದು. ಇರುವ ದೋಷವನ್ನು ಹೇಳಿ, ಇಷ್ಟವಾದುದನ್ನೂ ಹೇಳಿ. "ನನ್ನಲ್ಲಿರುವ ಹಣ ಇಷ್ಟೇ" ಎಂಬುದೂ ಮರ್ಯಾದೆಯ ಕಾರಣವೇ. ಒಮ್ಮೆ ಕೇಳಿ, ಅವರು ಒಂದು ಮೆಟ್ಟಿಲು ಇಳಿದರೆ ತಾವು ಒಂದು ಮೆಟ್ಟಿಲು ಏರಿ, ಅಲ್ಲಿಗೆ ಹೊಂದದಿದ್ದರೆ "ಆಗಲಿ, ವಂದನೆಗಳು" ಎಂದು ಹಿಂದೆ ಸರಿಯುವುದು ಲೇಸು. ಪ್ರತಿದಿನ ಬೆಳಗ್ಗೆ ಹತ್ತು ರೂಪಾಯಿ ಏರಿಸುತ್ತಾ ವಾರವಿಡೀ ಕಾಡುವುದು ವ್ಯಾಪಾರವಲ್ಲ, ಪೀಡೆ.

ಮೂರನೆಯದು ಗುಟ್ಟಿನ ಮರ್ಯಾದೆ. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ವಲ್ಲಿಯ ಕೆಳಗೆ ಕೈ ಮರೆಮಾಡಿ, ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಅನೇಕರು ಕಂಡಿರಬಹುದು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗೇ ಗೊತ್ತು. ಸೋತವನಿಗೆ ಅವಮಾನವಿಲ್ಲ, ಇಳಿಸಿದವನಿಗೆ ಮುಂದಿನ ಗಿರಾಕಿಯ ಬಳಿ ನಷ್ಟವಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನರೆದುರಿಗೆ "ಇದು ಬೇರೆಡೆ ಅರ್ಧ ಬೆಲೆಗೆ ಸಿಗುತ್ತದೆ" ಎಂದು ಬರೆಯುವವರು ಆ ವಲ್ಲಿಯನ್ನು ನೆನಪಿಸಿಕೊಳ್ಳಬೇಕು. ಬೆಲೆಯ ಮಾತು ಖಾಸಗಿಯಾಗಿ ನಡೆಯಲಿ. ಆದರೆ ನಕಲಿಯನ್ನು ಅಸಲಿಯೆಂದು ಮಾರುತ್ತಿದ್ದರೆ ಆ ಮಾತು ಬೇರೆ. ಮೊದಲು ಮಾರುವವನನ್ನೇ ಕೇಳಿ, ತಿದ್ದಿಕೊಳ್ಳದಿದ್ದರೆ ಗುಂಪಿಗೆ ತಿಳಿಸುವುದು ಕರ್ತವ್ಯ. ಹಾಗೆಯೇ ಒಬ್ಬರು ಕೊಳ್ಳುವೆನೆಂದು ಒಪ್ಪಿದ ವಸ್ತುವಿಗೆ ಮರೆಯಲ್ಲಿ ಹೆಚ್ಚು ಬೆಲೆ ಹೇಳಿ ಸೆಳೆಯುವುದು ಸಂಗ್ರಾಹಕರ ನಡುವೆ ಕ್ಷಮೆಯಿಲ್ಲದ ತಪ್ಪು.

ನಾಲ್ಕನೆಯದು, ಆಡಿದ ಮಾತು. ಬೆಲೆ ಒಪ್ಪುವವರೆಗೆ ಎಷ್ಟು ಜಗ್ಗಿದರೂ ಸರಿ. ಒಪ್ಪಿದ ಮೇಲೆ ಜಗ್ಗುವಂತಿಲ್ಲ. "ಮನೆಯಲ್ಲಿ ಬೇಡವೆಂದರು", "ಬೇರೆಡೆ ಅಗ್ಗಕ್ಕೆ ಸಿಕ್ಕಿತು" ಎಂದು ಕೊಳ್ಳುವವನು ಹಿಂದೆ ಸರಿದರೆ, ಅಷ್ಟರಲ್ಲಿ ಮಾರುವವನು ಬೇರೆ ಇಬ್ಬರನ್ನು ಕಳಿಸಿಬಿಟ್ಟಿರುತ್ತಾನೆ. ಸಾಗಣೆಯ ಖರ್ಚನ್ನೂ ಬೆಲೆಯ ಜೊತೆಗೇ ಮಾತಾಡಿಕೊಳ್ಳಬೇಕು. ಬಹುಕಾಲ ಸಂಗ್ರಾಹಕರಿಗೆ ಆಸರೆಯಾಗಿದ್ದ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಹಳೆಯ ಲೆಕ್ಕ ಹಿಡಿದು ಕುಳಿತರೆ ಆಗದು. ಇಲ್ಲಿ ನಮ್ಮ 'ಕೊಸರು' ಎಂಬ ಸೊಗಸಾದ ಪದ್ಧತಿ ನೆರವಿಗೆ ಬರುತ್ತದೆ. ಬೆಲೆ ಇನ್ನು ಇಳಿಯದು ಎಂದಾಗ, "ಹಾಗಾದರೆ ಅಂಚೆವೆಚ್ಚ ತಮ್ಮದಾಗಲಿ" ಎಂದೋ, "ಜೊತೆಗೆ ಆ ಸಣ್ಣ ಚೀಟಿಯನ್ನೂ ಹಾಕಿಕೊಡಿ" ಎಂದೋ ಕೇಳಬಹುದು. ಮಾರುವವನ ಬೆಲೆಯೂ ನಿಂತಿತು, ಕೊಳ್ಳುವವನ ಮನವೂ ತಣಿಯಿತು.

ಮಾರುವವನಿಗೂ ಮರ್ಯಾದೆಗಳುಂಟು. ಬೆಲೆಯನ್ನು ಬಚ್ಚಿಟ್ಟು, ಕೇಳುವವನ ಆಸೆಯನ್ನು ಅಳೆದು ಹೇಳುವುದು ಸಲ್ಲದು. ದೋಷವನ್ನು ತಾನೇ ತೋರಿಸಬೇಕು. ಬೇರೊಬ್ಬರ ನಾಣ್ಯದ ಚಿತ್ರ ಹಾಕಿ ತನ್ನ ನಾಣ್ಯ ಕಳಿಸಬಾರದು. "ಇನ್ನೂ ನಾಲ್ವರು ಕೇಳಿದ್ದಾರೆ" ಎಂಬ ಇಲ್ಲದ ನಾಲ್ವರನ್ನು ಸೃಷ್ಟಿಸಬಾರದು. ಕಡಿಮೆ ಬೆಲೆಗೆ ಕೇಳಿದವರನ್ನು ಹಂಗಿಸದೆ, "ಆಗುವುದಿಲ್ಲ" ಎಂಬ ಒಂದು ಮಾತಿನಲ್ಲಿ ಮುಗಿಸಬೇಕು.

ಇನ್ನು ಈ ವಿಷಯದ ಅತ್ಯಂತ ಕಠಿಣವಾದ ಪ್ರಶ್ನೆಗೆ ಬರೋಣ. ಕೊಳ್ಳುವವನು ಬಲ್ಲವನು, ಮಾರುವವರು ಅರಿಯದವರು ಆಗಿದ್ದರೆ? ಆರನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯನ್ನು ತೆಗೆದುಕೊಳ್ಳಿ. 11.66 ಗ್ರಾಂ ತೂಕದ ಆ ನಾಣ್ಯದಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಅರ್ಧ ಬೆಳ್ಳಿ ಮಾತ್ರ. 1938ರದು ಸಾಮಾನ್ಯವಾಗಿ ಸಿಗುತ್ತದೆ. 1939ರ ಇಸವಿಯುಳ್ಳದ್ದು ಬಹಳ ಅಪರೂಪ. ಅದಕ್ಕೆಂದೇ ಇಸವಿ ತಿದ್ದಿದ ನಕಲಿಗಳೂ ಉಂಟು. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಹಳೆಯ ಪೆಟ್ಟಿಗೆಯ ರೂಪಾಯಿಗಳನ್ನು ಬೆಳ್ಳಿಯ ತೂಕದ ಲೆಕ್ಕದಲ್ಲಿ ಮಾರುತ್ತೇನೆಂದು ಚಿತ್ರ ಹಾಕಿಸುತ್ತಾರೆ ಎನ್ನೋಣ. ಅದರಲ್ಲೊಂದು ಅಸಲಿ 1939ರದು. ಚಿತ್ರದಲ್ಲಿ ಅದನ್ನು ಗುರುತಿಸಿದ ಸಂಗ್ರಾಹಕ ಏನು ಮಾಡಬೇಕು?

ಒಂದು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆತ ವರ್ಷಗಟ್ಟಲೆ ಓದಿದ್ದಾನೆ, ಎಷ್ಟೋ ಸಲ ಮೋಸಹೋಗಿ ಕಲಿತಿದ್ದಾನೆ. ಆ ಅರಿವಿಗೆ ಫಲ ಬೇಡವೇ? ಅಂಗಡಿ ಹಾಕಿಕೊಂಡ ವ್ಯಾಪಾರಿಯಿಂದ ಕೊಳ್ಳುವಾಗ ಈ ವಾದಕ್ಕೆ ಬಲವಿದೆ. ಆತನೂ ಅದೇ ಕಸುಬಿನವನು; ತನ್ನ ಸರಕನ್ನು ತಿಳಿಯುವುದು ಆತನ ಹೊಣೆ. ಆದರೆ ಮನೆಯವರ ಮಾತು ಹಾಗಲ್ಲ. ಅವರು ಸಂತೆಗೆ ಬಂದಿರುವುದು ಒಂದೇ ಸಲ, ಅದೂ ಕಷ್ಟಕ್ಕೆ ಸಿಕ್ಕಿಯೇ ಇರಬಹುದು. ಆ ತಾಯಿ "ಇದರಲ್ಲಿ ವಿಶೇಷವೇನಾದರೂ ಇದೆಯೇ?" ಎಂದು ಕೇಳಿದಾಗ "ಏನೂ ಇಲ್ಲ, ಬರಿಯ ಬೆಳ್ಳಿ" ಎನ್ನುವುದು ಚೌಕಾಸಿಯಲ್ಲ, ಸುಳ್ಳು. ಕೇಳದಿದ್ದಾಗ ಸುಮ್ಮನಿರುವುದು ಸುಳ್ಳಲ್ಲ, ನಿಜ. ಆದರೂ ಅದು ಇನ್ನೊಬ್ಬರ ಅರಿಯದಿರುವಿಕೆಯನ್ನು ಕೊಂಡುಕೊಂಡಂತೆ ಎಂದೇ ನನ್ನ ಭಾವನೆ. "ಅಮ್ಮಾ, ಇದೊಂದನ್ನು ಬೇರೆ ತೆಗೆದಿಡಿ. ಬಲ್ಲ ಇನ್ನೊಬ್ಬರಿಗೂ ತೋರಿಸಿ. ಮಾರುವುದಾದರೆ ಮೊದಲು ನನ್ನನ್ನು ಕೇಳಿ" ಎಂದು ಹೇಳಬಹುದಲ್ಲವೇ? ಆಗ ಆ ನಾಣ್ಯ ಆತನಿಗೆ ಸಿಗದೆ ಹೋಗಬಹುದು. ಆ ನಷ್ಟ ನಿಜವಾದುದೇ, ಸಣ್ಣದೂ ಅಲ್ಲ. ಆದರೆ ಸಿಕ್ಕರೆ, ಅದನ್ನು ಯಾರ ಎದುರಿಗಾದರೂ ಇಟ್ಟು, ಎಲ್ಲಿಂದ ಹೇಗೆ ಬಂತೆಂದು ನಿಸ್ಸಂಕೋಚವಾಗಿ ಹೇಳಬಹುದು. ಹೇಗೆ ಬಂತೆಂದು ಹೇಳಲಾಗದ ವಸ್ತುವಿನಿಂದ ಸಂಗ್ರಹ ಬೆಳೆಯುತ್ತದೆ, ಸಂಗ್ರಾಹಕ ಬೆಳೆಯುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ತುದಿಯೂ ಇದೆ. 2012ರ ಇಸವಿಯ, ವೈಷ್ಣೋದೇವಿಯ ಚಿತ್ರವಿರುವ ಐದು, ಹತ್ತು ರೂಪಾಯಿಯ ನಾಣ್ಯಗಳಿಗೂ 786 ಎಂಬ ಸಂಖ್ಯೆಯ ನೋಟುಗಳಿಗೂ ಲಕ್ಷಾಂತರ ರೂಪಾಯಿ ಬರುತ್ತದೆಂದು ನಂಬಿಸುವವರಿದ್ದಾರೆ. ಮೊದಲು ಭಾರಿ ಬೆಲೆ ಒಪ್ಪುತ್ತಾರೆ, ಚೌಕಾಸಿಯನ್ನೇ ಮಾಡುವುದಿಲ್ಲ. ಆಮೇಲೆ ನೋಂದಣಿಗೆಂದು, ತೆರಿಗೆಗೆಂದು ಮಾರುವವರಿಂದಲೇ ಹಣ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಶುಲ್ಕ ಕೇಳುವುದಿಲ್ಲ ಎಂದು ಆ ಬ್ಯಾಂಕು 2021ರ ಆಗಸ್ಟ್ ತಿಂಗಳಲ್ಲಿಯೇ ಎಚ್ಚರಿಸಿದೆ. ಚೌಕಾಸಿಯಿಲ್ಲದೆ ಒಪ್ಪುವ ಗಿರಾಕಿಯನ್ನು ಕಂಡರೆ ಸಂತೋಷಕ್ಕಿಂತ ಮೊದಲು ಸಂಶಯ ಹುಟ್ಟಬೇಕು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು.

ಯಾವ ಬೆಲೆಗೂ ಚೌಕಾಸಿ ಮಾಡಬಾರದ ವಸ್ತುಗಳೂ ಇವೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ, ಶಿಲ್ಪ ಮುಂತಾದವು ಪುರಾವಸ್ತುಗಳು. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷವೇ ಸಾಕು. ಅವುಗಳ ಮಾರಾಟವನ್ನು ವೃತ್ತಿಯಾಗಿ ನಡೆಸುವವರಿಗೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ತೋಟ ಅಗೆಯುವಾಗ ಸಿಕ್ಕ ನಿಧಿ ಜಿಲ್ಲಾಧಿಕಾರಿಗಳ ಗಮನಕ್ಕೆ ಬರಬೇಕಾದುದೇ ಹೊರತು ಮೊಬೈಲಿನಲ್ಲಿ ಚಿತ್ರ ಹಾಕುವಂಥದಲ್ಲ. ದೇವಾಲಯದಿಂದ ಬಂದುದೆಂಬ ಗುಮಾನಿಯಿರುವ ವಿಗ್ರಹವನ್ನು ಅಗ್ಗವೆಂದು ಕೊಳ್ಳುವವನು ಕಳವಿನಲ್ಲಿ ಪಾಲುಗಾರನಾಗುತ್ತಾನೆ.

ನಮ್ಮ ಎರಡು ಊರುಗಳಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಭದ್ರಾವತಿಯ ಹಿಂದಿನ ಹೆಸರು ಬೆಂಕಿಪುರ. ಅಲ್ಲಿ 1918ರಲ್ಲಿ ಮೊದಲಾದ ಕಬ್ಬಿಣದ ಕಾರ್ಖಾನೆಯ ಕಾಲದ ಕಾಗದಪತ್ರ, ಪದಕ, ಭಾವಚಿತ್ರಗಳು ಎಷ್ಟು ಮನೆಗಳ ಅಟ್ಟದ ಮೇಲಿವೆಯೋ! ಶಿವಮೊಗ್ಗದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆಯನ್ನೇ 2014ರಲ್ಲಿ ಅಧಿಕೃತವಾಗಿ ಬದಲಿಸಲಾಯಿತು. ಹಳೆಯ ಬರಹದ ಅಂಚೆಮುದ್ರೆಯಿರುವ ಲಕೋಟೆಗಳು ಇನ್ನು ಮುಂದೆ ಹುಟ್ಟುವುದಿಲ್ಲ. ಇವೆಲ್ಲ ಒಂದೊಂದಾಗಿ ಸಂತೆಗೆ ಬರುತ್ತವೆ. ಕೊಳ್ಳುವವರು ಬೆಲೆಯನ್ನು ಜಗ್ಗಲಿ, ಕೊಸರನ್ನೂ ಕೇಳಲಿ. ಜೊತೆಗೆ, ಈ ವಸ್ತು ಯಾರ ಮನೆಯದು, ಅವರು ಎಲ್ಲಿ ಕೆಲಸ ಮಾಡುತ್ತಿದ್ದರು, ಇದು ಅವರ ಕೈಗೆ ಹೇಗೆ ಬಂತು ಎಂದು ನಾಲ್ಕು ಮಾತು ಕೇಳಿ ಬರೆದಿಟ್ಟುಕೊಳ್ಳಲಿ. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಮಾರುವವರು ಸಂತೋಷದಿಂದ ಹೇಳುತ್ತಾರೆ.