ಡಾಕ್ಟರ್ ಪದವಿಯ ಮುಂದಿನ ಮೆಟ್ಟಿಲು

ಮನೆಯ ಮಗನೋ ಮಗಳೋ ಪಿಎಚ್.ಡಿ. ಪದವಿಯನ್ನು ಪಡೆದು ಬಂದಾಗ ಹಿರಿಯರಿಗೆ ಆಗುವ ಸಂತೋಷವು ಇಷ್ಟಿಷ್ಟಲ್ಲ. ಆದರೆ ಆ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆಯೂ ಹುಟ್ಟುವುದುಂಟು. “ಓದು ಮುಗಿಯಿತಲ್ಲ, ಇನ್ನು ಕೆಲಸವೆಂದು?” ಎಂದು ಬಂಧುಗಳು ಕೇಳುತ್ತಾರೆ. “ಇನ್ನೆರಡು ವರ್ಷ ಪೋಸ್ಟ್‌ಡಾಕ್ ಮಾಡಬೇಕು” ಎಂಬ ಉತ್ತರ ಬಂದರೆ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ನನ್ನ ತಮ್ಮನ ಮಗಳು ಸಸ್ಯಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ರಾಗಿಯ ಬೇರು ಬರಗಾಲವನ್ನು ತಡೆದುಕೊಳ್ಳುವ ಬಗೆಯು ಅವಳ ವಿಷಯ. ಅದನ್ನೇ ಮುಂದುವರಿಸಲು ಪರದೇಶಕ್ಕೆ ಹೋಗುವೆನೆಂದಳು. ತಮ್ಮನು ಒಂದು ವರ್ಷದ ಗಡುವನ್ನು ಕೊಟ್ಟನು. ಅಷ್ಟರೊಳಗೆ ಕೈಗೂಡದಿದ್ದರೆ ಸಮೀಪದ ಕಾಲೇಜಿನಲ್ಲಿ ಪಾಠ ಹೇಳಬೇಕು, ಮದುವೆಗೂ ಒಪ್ಪಬೇಕು ಎಂಬುದು ಅವನ ನಿಶ್ಚಯ. ಆ ವರ್ಷದಲ್ಲಿ ನಾವು ಕಲಿತುದು ಇತರ ಗೃಹಸ್ಥರಿಗೂ ಪ್ರಯೋಜನಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತೇನೆ.

ಮೊದಲು ಪೋಸ್ಟ್‌ಡಾಕ್ ಎಂದರೇನೆಂಬುದನ್ನು ತಿಳಿಯಬೇಕು. ಇದು ಮತ್ತೊಂದು ಪರೀಕ್ಷೆಯೂ ಅಲ್ಲ, ಪದವಿಯೂ ಅಲ್ಲ. ವೇತನವನ್ನು ಪಡೆದು ಒಂದರಿಂದ ಮೂರು ವರ್ಷಗಳವರೆಗೆ ಮಾಡುವ ಸಂಶೋಧನೆಯ ಉದ್ಯೋಗ. ಶಿಷ್ಯನು ಸ್ವತಂತ್ರ ವಿದ್ವಾಂಸನಾಗುವ ನಡುವಣ ಅವಸ್ಥೆಯಿದು. ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾಲಯಗಳ ದೊಡ್ಡ ಹುದ್ದೆಗಳಿಗೆ ಇಂಥ ಅನುಭವವನ್ನು ಕೇಳುವುದು ಇಂದು ವಾಡಿಕೆಯಾಗಿದೆ. ಇದಕ್ಕೆ ಎರಡು ದಾರಿಗಳು. ಪ್ರಾಧ್ಯಾಪಕರೊಬ್ಬರು ತಮಗೆ ದೊರೆತ ಧನದಿಂದ ಸಹಾಯಕರನ್ನು ನೇಮಿಸಿಕೊಳ್ಳುವುದು ಒಂದು. ಅಭ್ಯರ್ಥಿಯೇ ತನ್ನ ವಿಷಯವನ್ನು ನಿರೂಪಿಸಿ, ತನ್ನ ಹೆಸರಿಗೆ ಫೆಲೋಷಿಪ್ಪನ್ನು ಸಂಪಾದಿಸುವುದು ಇನ್ನೊಂದು. ಎರಡನೆಯದರಲ್ಲಿ ಸ್ವಾತಂತ್ರ್ಯವೂ ಗೌರವವೂ ಹೆಚ್ಚು, ಶ್ರಮವೂ ಹೆಚ್ಚು. ನಮ್ಮ ಹುಡುಗಿಯು ಹಿಡಿದುದು ಈ ದಾರಿಯನ್ನು.

ಫೆಲೋಷಿಪ್ಪುಗಳನ್ನು ಎಲ್ಲಿ ಹುಡುಕಬೇಕು? ಐರೋಪ್ಯ ಒಕ್ಕೂಟದ ಯೂರಾಕ್ಸೆಸ್ ಎಂಬ ಜಾಲತಾಣದಲ್ಲಿ ಅಲ್ಲಿನ ಹುದ್ದೆಗಳ ಮತ್ತು ವೇತನಗಳ ಪ್ರಕಟಣೆಗಳು ದೊರೆಯುತ್ತವೆ. ಆದರೆ ನಮಗೆ ಹೆಚ್ಚು ಉಪಕಾರವಾದುದು ಬೇರೊಂದು ಉಪಾಯದಿಂದ. ಸಂಶೋಧನ ಲೇಖನಗಳ ಕೊನೆಯಲ್ಲಿ, ಆ ಕೆಲಸಕ್ಕೆ ಧನಸಹಾಯ ಮಾಡಿದವರಾರೆಂದು ಕೃತಜ್ಞತೆಯ ಒಂದೆರಡು ಸಾಲುಗಳಿರುತ್ತವೆ. ತನ್ನ ವಿಷಯದಲ್ಲಿಯೇ ದುಡಿಯುತ್ತಿರುವ ಇಪ್ಪತ್ತು ಮಂದಿ ತರುಣರ ಲೇಖನಗಳಲ್ಲಿ ಈ ಸಾಲುಗಳನ್ನು ಓದಿದರೆ, ಯಾವ ಸಂಸ್ಥೆಯು ಯಾವ ಬಗೆಯ ಕೆಲಸಕ್ಕೆ ಕೊಡುತ್ತದೆಂಬುದು ತಾನಾಗಿ ತಿಳಿಯುವುದು.

ಮುಖ್ಯವಾದ ಕೆಲವನ್ನು ಹೇಳುತ್ತೇನೆ. ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನವು 1860ರಲ್ಲಿ ಹುಟ್ಟಿ, 1953ರಲ್ಲಿ ಪುನಃ ಸ್ಥಾಪಿತವಾದುದು. ಡಾಕ್ಟರ್ ಪದವಿಯಾಗಿ ನಾಲ್ಕು ವರ್ಷಗಳೊಳಗಿನವರು ಪೋಸ್ಟ್‌ಡಾಕ್ ವರ್ಗದಲ್ಲಿ ಅರ್ಜಿ ಹಾಕಬಹುದು. ಎಲ್ಲ ಶಾಸ್ತ್ರಗಳಿಗೂ ಇಲ್ಲಿ ಪ್ರವೇಶವುಂಟು. ಐರೋಪ್ಯ ಒಕ್ಕೂಟದ ಮೇರಿ ಸ್ಕ್ಲೊಡೊವ್‌ಸ್ಕಾ ಕ್ಯೂರಿ ಫೆಲೋಷಿಪ್ಪಿಗೆ ಪ್ರತಿವರ್ಷವೂ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಅಂತಿಮ ದಿನ ಬೀಳುತ್ತದೆ. ಆತಿಥೇಯ ದೇಶದಲ್ಲಿ ಹಿಂದಿನ 36 ತಿಂಗಳುಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ನೆಲೆಸಿದ್ದವರಿಗೆ ಅಲ್ಲಿಗೆ ಹೋಗಲು ಅದು ದೊರೆಯದು. ಜಪಾನಿನ ವಿಜ್ಞಾನ ಪ್ರೋತ್ಸಾಹಕ ಸಂಘವು 1932ರಲ್ಲಿ ಸ್ಥಾಪಿತವಾದುದು. ಅದರ ಸಾಮಾನ್ಯ ಫೆಲೋಷಿಪ್ಪಿನಲ್ಲಿ ಅರ್ಜಿಯನ್ನು ಒಪ್ಪಿಸುವವರು ಅಭ್ಯರ್ಥಿಯಲ್ಲ, ಆತಿಥೇಯ ವಿದ್ವಾಂಸರು. ಜೀವಶಾಸ್ತ್ರದವರಿಗೆ ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಎಂಬುದು ಮೂರು ವರ್ಷದ ವೇತನವನ್ನು ಕೊಡುತ್ತದೆ. ಹಿಂದೆ ಮಾಡಿದ್ದಕ್ಕಿಂತ ಭಿನ್ನವಾದ ಕ್ಷೇತ್ರಕ್ಕೆ ಕಾಲಿಡಬೇಕೆಂಬುದು ಅದರ ನಿರೀಕ್ಷೆ.

ಪರದೇಶವೇ ಆಗಬೇಕೆಂಬ ನಿಯಮವೇನೂ ಇಲ್ಲ. ನಮ್ಮ ದೇಶದಲ್ಲಿ ವಿಜ್ಞಾನದವರಿಗೆ, 2023ರ ಶಾಸನದಿಂದ ಏರ್ಪಟ್ಟ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನವುಂಟು. ಸಮಾಜಶಾಸ್ತ್ರಗಳಿಗೆ 1969ರಲ್ಲಿ ಸ್ಥಾಪಿತವಾದ ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತುಂಟು. ಸಾಹಿತ್ಯ, ದರ್ಶನ, ಇತಿಹಾಸಗಳವರಿಗೆ ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯು, ಹಿಂದೆ ವೈಸರಾಯರ ನಿವಾಸವಾಗಿದ್ದ ಸೌಧದಲ್ಲಿಯೇ ಆಶ್ರಯವನ್ನು ಕೊಡುತ್ತದೆ. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ಸಂಸ್ಥೆಯ ಪ್ರಕಟಣೆಯನ್ನು ಆಯಾ ವರ್ಷವೇ ಓದಿಕೊಳ್ಳತಕ್ಕದ್ದು.

ಈ ಎಲ್ಲವನ್ನೂ ಓದಿದವರಿಗೆ ಒಂದು ಸಂಗತಿಯು ಹೊಳೆಯದಿರದು. ಇವುಗಳಲ್ಲಿ ಹೆಚ್ಚಿನವಕ್ಕೆ ಅರ್ಜಿ ಹಾಕುವ ಮೊದಲೇ, “ಈತನು ಬಂದರೆ ನಾನು ಇರಿಸಿಕೊಳ್ಳುವೆನು” ಎಂದು ಅಲ್ಲಿನ ವಿದ್ವಾಂಸರೊಬ್ಬರು ಒಪ್ಪಿರಬೇಕು. ಆದುದರಿಂದ ಅರ್ಜಿಯ ಕೆಲಸವು ಅರ್ಜಿಯ ನಮೂನೆಯಿಂದ ಆರಂಭವಾಗುವುದಿಲ್ಲ. ಅಪರಿಚಿತ ವಿದ್ವಾಂಸರಿಗೆ ಬರೆಯುವ ಮೊದಲ ಪತ್ರದಿಂದ ಆರಂಭವಾಗುತ್ತದೆ.

ನಮ್ಮ ಹುಡುಗಿಯ ಆರು ತಿಂಗಳು ವ್ಯರ್ಥವಾದುದು ಇಲ್ಲಿಯೇ. ಅವಳು ನಲವತ್ತು ಮಂದಿ ಪ್ರಾಧ್ಯಾಪಕರಿಗೆ ಇ-ಮೇಲ್ ಕಳುಹಿಸಿದ್ದಳು. ಉತ್ತರವಿತ್ತವರು ಇಬ್ಬರು, ಇಬ್ಬರೂ ಸ್ಥಳವಿಲ್ಲವೆಂದರು. ಒಂದು ಸಂಜೆ ಅವಳು ಆ ಪತ್ರವನ್ನು ನನಗೆ ತೋರಿಸಿದಳು. ಮಕ್ಕಳ ಪ್ರಬಂಧಗಳನ್ನು ತಿದ್ದುತ್ತ ಮೂವತ್ತು ವರ್ಷ ಕಳೆದವನು ನಾನು. ಸಸ್ಯಶಾಸ್ತ್ರವು ನನಗೆ ತಿಳಿಯದು, ಪತ್ರವು ತಿಳಿಯುತ್ತದೆ. “ತಮ್ಮ ಸಂಶೋಧನೆಯು ಜಗದ್ವಿಖ್ಯಾತವಾದುದು, ತಮ್ಮ ಪ್ರಯೋಗಶಾಲೆಯಲ್ಲಿ ದುಡಿಯುವುದು ನನ್ನ ಬಾಳಿನ ಕನಸು” ಎಂದು ಮೊದಲಾಗಿ ಅದರಲ್ಲಿ ಸ್ತೋತ್ರವೇ ತುಂಬಿತ್ತು.

“ಅಮ್ಮಾ, ಇವರ ಹೆಸರನ್ನು ತೆಗೆದು ಇನ್ನೊಬ್ಬರ ಹೆಸರನ್ನಿಟ್ಟರೆ ಪತ್ರವೇನಾದರೂ ಕೆಡುವುದೇ?” ಎಂದು ಕೇಳಿದೆನು.

ಅವಳು ಯೋಚಿಸಿ, “ಇಲ್ಲ, ದೊಡ್ಡಪ್ಪ” ಎಂದಳು.

“ಹಾಗಾದರೆ ಇದು ಯಾರಿಗೂ ಬರೆದ ಪತ್ರವಲ್ಲ” ಎಂದೆನು. ಅವಳ ಕಣ್ಣಿನಲ್ಲಿ ನೀರು ಬಂದಿತು. ಮಾತು ಕಠಿನವಾಯಿತೆಂದು ನನಗೂ ನೋವಾಯಿತು.

ಈ ಸಂದರ್ಭದಲ್ಲಿ ನಾನವಳಿಗೆ ಹೇಳಿದುದು ಸತ್ಯೇಂದ್ರನಾಥ ಬೋಸರ ವೃತ್ತಾಂತವನ್ನು. 1924ರ ಜೂನ್ ತಿಂಗಳಿನಲ್ಲಿ ಢಾಕಾದ ಈ ತರುಣ ಅಧ್ಯಾಪಕರು ಐನ್‌ಸ್ಟೈನರಿಗೆ ಒಂದು ಪತ್ರವನ್ನು ಬರೆದರು. ಅವರಿಗೆ ಡಾಕ್ಟರ್ ಪದವಿಯೂ ಇರಲಿಲ್ಲ, ಪರಿಚಯವೂ ಇರಲಿಲ್ಲ. ಪ್ಲಾಂಕರ ನಿಯಮವನ್ನು ಹೊಸ ರೀತಿಯಲ್ಲಿ ಸಾಧಿಸಿದ ಚಿಕ್ಕ ಲೇಖನವನ್ನು ಜೊತೆಗಿರಿಸಿ, ಪರಿಶೀಲಿಸಬೇಕೆಂದು ಕೋರಿದರು. ಐನ್‌ಸ್ಟೈನರು ಅದನ್ನು ಸ್ವತಃ ಜರ್ಮನ್ ಭಾಷೆಗೆ ಪರಿವರ್ತಿಸಿ ಪ್ರಕಟಮಾಡಿಸಿದರು. ಅವರು ಮೆಚ್ಚಿ ಬರೆದ ಕಾರ್ಡನ್ನು ಕಂಡ ಮೇಲೆ ಬೋಸರಿಗೆ ಯೂರೋಪಿನಲ್ಲಿ ಅಧ್ಯಯನ ಮಾಡಲು ಎರಡು ವರ್ಷಗಳ ರಜೆಯು ಸುಲಭವಾಗಿ ದೊರೆಯಿತು. ಬೋಸರಂಥ ಪ್ರತಿಭೆ ಎಲ್ಲರಿಗೂ ಇರದು. ಆದರೆ ಅವರ ಪತ್ರದ ರೀತಿಯನ್ನು ಯಾರಾದರೂ ಅನುಸರಿಸಬಹುದು. ಅದರಲ್ಲಿ ಯಾಚನೆಗಿಂತ ಮೊದಲು ಒಂದು ವಿಷಯವಿತ್ತು.

ಹುಡುಗಿಯು ನಲವತ್ತು ಹೆಸರುಗಳನ್ನು ಬಿಟ್ಟು ಮೂರನ್ನು ಆರಿಸಿಕೊಂಡಳು. ಆ ಮೂವರ ಇತ್ತೀಚಿನ ಲೇಖನಗಳನ್ನು ಎರಡು ವಾರ ಓದಿದಳು. ಬಳಿಕ ಬರೆದ ಪತ್ರವು ಒಂದು ಪುಟವನ್ನು ಮೀರಲಿಲ್ಲ. ತಾನು ಕಂಡುಹಿಡಿದುದೇನು, ಅವರ ಲೇಖನದಲ್ಲಿ ತನಗೆ ಹುಟ್ಟಿದ ಪ್ರಶ್ನೆಯಾವುದು, ಅದನ್ನು ರಾಗಿಯಲ್ಲಿ ಹೇಗೆ ಪರೀಕ್ಷಿಸಬಹುದು, ಯಾವ ಫೆಲೋಷಿಪ್ಪಿಗೆ ಅರ್ಜಿ ಹಾಕಬೇಕೆಂದಿರುವೆನು: ಇಷ್ಟೇ. ಮೂವರಲ್ಲಿ ಒಬ್ಬರು ಉತ್ತರಿಸಲಿಲ್ಲ. ಒಬ್ಬರು ವಿನಯದಿಂದ ನಿರಾಕರಿಸಿದರು. ಜರ್ಮನಿಯವರೊಬ್ಬರು ಮೂರನೆಯ ದಿನವೇ ಎರಡು ಪ್ರಶ್ನೆಗಳನ್ನು ಕೇಳಿ ಬರೆದರು. ಒಂದು ತಿಂಗಳೊಳಗೆ ಅವರ ಸಮ್ಮತಿಪತ್ರವು ಬಂದಿತು.

ಇನ್ನು ಸಂಶೋಧನೆಯ ಯೋಜನೆಯನ್ನು ಬರೆಯುವ ಕ್ರಮ. ಶಾಸ್ತ್ರಗ್ರಂಥಗಳನ್ನು ಆರಂಭಿಸುವಾಗ ನಮ್ಮ ಪ್ರಾಚೀನರು ಅನುಬಂಧಚತುಷ್ಟಯವನ್ನು ಹೇಳುತ್ತಿದ್ದರು. ವಿಷಯವೇನು, ಪ್ರಯೋಜನವೇನು, ಇವೆರಡಕ್ಕೂ ಗ್ರಂಥಕ್ಕೂ ಸಂಬಂಧವೇನು, ಅಧಿಕಾರಿ ಯಾರು ಎಂಬ ನಾಲ್ಕು ಮಾತುಗಳಿವು. ಕ್ಯೂರಿ ಫೆಲೋಷಿಪ್ಪಿನವರು ಅರ್ಜಿಯನ್ನು ತೂಗುವ ಕ್ರಮವನ್ನು ಓದಿದಾಗ ನನಗೆ ಇವೇ ನೆನಪಾದುವು. ಅವರು ಸಂಶೋಧನೆಯ ಉತ್ಕೃಷ್ಟತೆಗೆ ನೂರಕ್ಕೆ 50, ಪರಿಣಾಮಕ್ಕೆ 30, ಕಾರ್ಯವನ್ನು ನಡೆಸುವ ವ್ಯವಸ್ಥೆಗೆ 20 ಅಂಕಗಳನ್ನು ಇಡುತ್ತಾರೆ. ಯಾವ ಪ್ರಶ್ನೆಗೆ ಉತ್ತರವನ್ನು ಹುಡುಕುವೆನು, ಸಿಕ್ಕಿದರೆ ಯಾರಿಗೆ ಉಪಕಾರ, ಈ ಪ್ರಯೋಗಶಾಲೆಯೇ ಏಕೆ ಬೇಕು, ಇದನ್ನು ಮಾಡಲು ನಾನೇ ಏಕೆ ತಕ್ಕವಳು ಎಂಬ ನಾಲ್ಕಕ್ಕೂ ಮೊದಲ ಪುಟದಲ್ಲಿಯೇ ಉತ್ತರವಿರಲಿ. ಅನಂತರ ಪೂರ್ವಪಕ್ಷವನ್ನು ಮರೆಯಬಾರದು. ಪ್ರಯೋಗವು ಫಲಿಸದಿದ್ದರೆ ಏನು ಮಾಡುವಿರೆಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಮುಂಚಿತವಾಗಿಯೇ ಸಮಾಧಾನವನ್ನು ಬರೆದಿಡಬೇಕು. ಬೇರೆ ಶಾಸ್ತ್ರದವರೊಬ್ಬರಿಗೆ ಅದನ್ನು ಓದಲು ಕೊಟ್ಟು, ಅವರು ತಡವರಿಸಿದ ವಾಕ್ಯಗಳನ್ನೆಲ್ಲ ತಿದ್ದಬೇಕು. ನಮ್ಮಲ್ಲಿ ಆ ಕೆಲಸವು ನನ್ನ ಪಾಲಿಗೆ ಬಂದಿತು.

ಶಿಫಾರಸು ಪತ್ರಗಳನ್ನು ಬರೆಯುವ ಗುರುಗಳಿಗೆ ಕನಿಷ್ಠ ಒಂದು ತಿಂಗಳ ಅವಕಾಶವನ್ನು ಕೊಡಬೇಕು. ಯೋಜನೆಯ ಪ್ರತಿಯನ್ನೂ ಅಂತಿಮ ದಿನಾಂಕವನ್ನೂ ಅವರಿಗೆ ತಿಳಿಸಬೇಕು. ಹುಡುಕಾಟದಿಂದ ಪ್ರಯಾಣದವರೆಗೆ ಒಂದು ವರ್ಷವು ಹಿಡಿಯುವುದು ಸಾಮಾನ್ಯ. ಆದುದರಿಂದ ಮಹಾಪ್ರಬಂಧವನ್ನು ಒಪ್ಪಿಸುವ ಮೊದಲೇ ಪ್ರಯತ್ನವನ್ನು ಆರಂಭಿಸುವುದು ಲೇಸು. ಪದವಿಯಾದ ಮೇಲೆ ಇಂತಿಷ್ಟು ವರ್ಷಗಳೊಳಗೆ ಎಂಬ ನಿಯಮವಿರುವಲ್ಲಿ, ಸುಮ್ಮನೆ ಕಳೆದ ಕಾಲವು ಮರಳಿ ಬಾರದು. ಇನ್ನೊಂದು ಎಚ್ಚರಿಕೆ: ಫೆಲೋಷಿಪ್ಪನ್ನು ಕೊಡಿಸುವೆವೆಂದು ಮುಂಗಡ ಹಣವನ್ನು ಕೇಳುವವರನ್ನು ನಂಬಬಾರದು. ಹುಂಬೋಲ್ಟ್ ಪ್ರತಿಷ್ಠಾನವಾಗಲಿ, ಕ್ಯೂರಿ ಫೆಲೋಷಿಪ್ಪಿನವರಾಗಲಿ ಅರ್ಜಿಗೆ ಶುಲ್ಕವನ್ನು ಕೇಳುವುದಿಲ್ಲ.

ಇಷ್ಟಾದರೂ ಮೊದಲ ಅರ್ಜಿಯೇ ಫಲಿಸೀತೆಂಬ ಭರವಸೆಯಿಲ್ಲ. ನಮ್ಮ ಹುಡುಗಿಯದು ಫಲಿಸಲಿಲ್ಲ. ನಿರಾಕರಣೆಯ ಪತ್ರವು ಬಂದ ದಿನ, ತಮ್ಮನು ಕೊಟ್ಟ ಗಡುವಿಗೆ ಉಳಿದಿದ್ದುದು ಒಂಬತ್ತೇ ದಿನ. ಆ ರಾತ್ರಿ ಊಟಕ್ಕೆ ಕುಳಿತಾಗ ನಾನು ರುದರ್‌ಫೋರ್ಡರ ಕಥೆಯನ್ನು ತೆಗೆದೆನು. ನ್ಯೂಜಿಲೆಂಡಿನ ಆ ತರುಣನಿಗೆ 1851ರ ಪ್ರದರ್ಶನ ಮಂಡಲಿಯ ವಿದ್ಯಾರ್ಥಿವೇತನವು ಮೊದಲು ದೊರೆಯಲಿಲ್ಲ; ಮೊದಲು ಆರಿಸಲ್ಪಟ್ಟವನು ಬೇಡವೆಂದುದರಿಂದ ಅದು ಇವರ ಪಾಲಾಯಿತು. 1895ರಲ್ಲಿ ಕೇಂಬ್ರಿಜ್ಜಿಗೆ ಹೋದರು. 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ತಮ್ಮನು ಕಥೆಯನ್ನು ಕೇಳಿ ಏನೂ ಹೇಳಲಿಲ್ಲ. ಕೈತೊಳೆಯಲು ಏಳುವಾಗ ಮಗಳನ್ನು ನೋಡಿ, “ಪರೀಕ್ಷಕರು ತಪ್ಪೇನೆಂದು ಬರೆದಿದ್ದಾರೆಯೇ? ಅದನ್ನು ತಿದ್ದಿ ಇನ್ನೊಂದು ಕಡೆಗೆ ಹಾಕು. ಗಡುವಿನ ಮಾತು ಈಗ ಬೇಡ” ಎಂದನು.

ಎರಡನೆಯ ಅರ್ಜಿಯು ಫಲಿಸಿತು. ಅವಳೀಗ ಜರ್ಮನಿಯಲ್ಲಿ ತನ್ನ ರಾಗಿಯ ಬೇರುಗಳೊಡನೆ ಇದ್ದಾಳೆ. ಆ ವರ್ಷದಲ್ಲಿ ಅವಳಿಗೆ ಬೇಕಾಗಿದ್ದುದರಲ್ಲಿ ಹೆಚ್ಚಿನದು ವಿದ್ಯೆಯಿಂದ ಬಂದಿತು. ಆದರೆ ಕಾಲಾವಕಾಶವೆಂಬುದೊಂದು ಮನೆಯವರಿಂದಲೇ ಬರಬೇಕಾಗಿತ್ತು. ಪದವಿಯನ್ನು ಪಡೆದ ಮಕ್ಕಳಿರುವ ಗೃಹಸ್ಥರು ಇದನ್ನು ನೆನಪಿನಲ್ಲಿಡಲಿ. “ಕೆಲಸವೆಂದು?” ಎಂದು ಕೇಳುವುದಕ್ಕೆ ಬದಲಾಗಿ “ಯಾರಿಗೆ ಪತ್ರ ಬರೆದಿದ್ದೀಯೆ? ತೋರಿಸು” ಎಂದು ಕೇಳಿದರೆ, ನಾವೂ ಆ ವಿದ್ಯೆಯಲ್ಲಿ ಅಷ್ಟಿಷ್ಟು ಪಾಲುಗಾರರಾಗುವೆವು.