ಕಳೆದುಹೋದ ಬೆಕ್ಕು ತಾನಾಗಿಯೇ ಮನೆಗೆ ಬಂದೀತೇ?

“ರೀ, ನಮ್ಮ ಪುಟ್ಟಿ ನಿನ್ನೆ ರಾತ್ರಿಯಿಂದ ಕಾಣಿಸ್ತಿಲ್ಲ. ನಿಮ್ಮನೆ ಕಡೆ ಏನಾದ್ರೂ ಬಂದಿತ್ತಾ?”

ಕಾಂಪೌಂಡಿನ ಆಚೆಯಿಂದ ಇಂಥ ಪ್ರಶ್ನೆ ಕೇಳಿಬರದ ಬೀದಿ ಮೈಸೂರಿನಲ್ಲಿ ಇದ್ದೀತೇ? ಅಗ್ರಹಾರವಿರಲಿ, ಒಂಟಿಕೊಪ್ಪಲಿರಲಿ, ಕುವೆಂಪುನಗರವಿರಲಿ, ಉತ್ತರವೂ ಸಾಮಾನ್ಯವಾಗಿ ಒಂದೇ: “ಬೆಕ್ಕಲ್ವೇನ್ರೀ, ಎಲ್ಲಿಗೆ ಹೋಗುತ್ತೆ? ಹೊಟ್ಟೆ ಹಸಿದ್ರೆ ತಾನೇ ಬರುತ್ತೆ ಬಿಡಿ.”

ಈ ಸಮಾಧಾನದ ಮಾತು ಎಷ್ಟು ನಿಜ? ಬೆಕ್ಕಿಗೆ ನಿಜವಾಗಿಯೂ ಮನೆಯ ದಾರಿ ಗೊತ್ತಿರುತ್ತದೆಯೇ? ಮಗು ಊಟ ಬಿಟ್ಟು ಬಾಗಿಲಲ್ಲೇ ಕೂತಿರುವಾಗ, ಒಂಟಿಯಾಗಿರುವ ಅಜ್ಜಿ ರಾತ್ರಿಯೆಲ್ಲ ಹಿತ್ತಲ ಬಾಗಿಲು ತೆರೆದಿಟ್ಟು ಕಾಯುವಾಗ, ಇದು ಸಣ್ಣ ಪ್ರಶ್ನೆಯೇನಲ್ಲ.

ಗೋಣಿಚೀಲದ ಕಥೆ

ಹಳೇ ಮೈಸೂರಿನ ಹಳ್ಳಿಗಳ ಕಡೆ ಕೊತ್ತಿ ಎಂದು ಕರೆಯುವ ಈ ಪ್ರಾಣಿಯ ಬಗ್ಗೆ ಕಥೆಗಳಿಗೇನು ಬರವಿಲ್ಲ. ಹಾಲಿಗೆ ಬಾಯಿ ಹಾಕುತ್ತೆ ಅಂತ ಯಜಮಾನರು ಅದನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುತ್ತಾರೆ. ಅವರು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಬೆಕ್ಕು ಒಲೆಯ ಪಕ್ಕ ಮಲಗಿರುತ್ತೆ! ಇಂಥ ಕಥೆ ಕೇಳದವರು ಯಾರು?

ಅಮೆರಿಕದ ಹೆರಿಕ್ ಎಂಬ ಪ್ರಾಧ್ಯಾಪಕರು ಇದನ್ನೇ ಪರೀಕ್ಷೆ ಮಾಡಿ 1922ರಲ್ಲಿ ಪ್ರಕಟಿಸಿದರು. ಮರಿ ಹಾಕಿದ್ದ ತಾಯಿಬೆಕ್ಕೊಂದನ್ನು ಮರಿಗಳಿಂದ ಬೇರೆ ಮಾಡಿ, ಹೊರಗೆ ಕಾಣದಂತೆ ಮುಚ್ಚಿ ಒಯ್ದು ಬೇರೆ ಬೇರೆ ಕಡೆ ಬಿಟ್ಟರು. ಒಂದರಿಂದ ನಾಲ್ಕು ಮೈಲಿ ದೂರದಿಂದ ಆ ತಾಯಿ ಮರಿಗಳ ಹತ್ತಿರ ವಾಪಸ್ಸು ಬಂದಿತು. ಆದರೆ ಹದಿನಾರು ಮೈಲಿಗೂ ಮಿಕ್ಕಿದ ದೂರದಲ್ಲಿ ಬಿಟ್ಟಾಗ ಬರಲಾಗಲಿಲ್ಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಊರಿನ ಒಂದು ಕೊನೆಯ ಬಡಾವಣೆಯಿಂದ ಇನ್ನೊಂದು ಕೊನೆಗೆ ಬಂದೀತು. ನಂಜನಗೂಡಿನಷ್ಟು ದೂರ ಬಿಟ್ಟರೆ ಕಷ್ಟ.

1954ರಲ್ಲಿ ಜರ್ಮನಿಯ ವಿಜ್ಞಾನಿಗಳು ಸುತ್ತ ಬಾಗಿಲುಗಳಿದ್ದ ಒಂದು ಚಕ್ರವ್ಯೂಹದಲ್ಲಿ ಬೆಕ್ಕುಗಳನ್ನು ಬಿಟ್ಟು, ಯಾವ ಬಾಗಿಲಿಂದ ಹೊರಬರುತ್ತವೆ ಎಂದು ನೋಡಿದರು. ಮನೆ ಐದು ಕಿಲೋಮೀಟರಿಗಿಂತ ಹತ್ತಿರವಿದ್ದಾಗ ಮನೆಯ ದಿಕ್ಕಿನ ಬಾಗಿಲನ್ನೇ ಹೆಚ್ಚಾಗಿ ಆರಿಸಿಕೊಂಡವು. ದೂರ ಹೆಚ್ಚಿದಂತೆ ಈ ಜಾಣತನ ಕಡಿಮೆಯಾಯಿತು.

ಅಪರೂಪದ ಸಾಹಸಗಳೂ ಉಂಟು. 2012ರ ನವೆಂಬರಿನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪ್ರವಾಸ ಹೋದಾಗ ಕಳೆದುಹೋದ ಹಾಲಿ ಎಂಬ ಬೆಕ್ಕು, ಎರಡು ತಿಂಗಳ ಮೇಲೆ ಸುಮಾರು 300 ಕಿಲೋಮೀಟರ್ ದೂರದ ತನ್ನ ಊರಿನಲ್ಲಿ ಸಿಕ್ಕಿತು. ಮೈ ಸೊರಗಿ, ಉಗುರು ಸವೆದು ಹೋಗಿದ್ದವು. ಚರ್ಮದಡಿ ಹಾಕಿಸಿದ್ದ ಗುರುತಿನ ಚಿಪ್ಪಿನಿಂದ ಅದೇ ಬೆಕ್ಕು ಎಂದು ಖಾತ್ರಿಯಾಯಿತು. ಇಡೀ ಪ್ರಪಂಚದ ಪತ್ರಿಕೆಗಳಲ್ಲಿ ಸುದ್ದಿಯಾಯಿತೆಂದರೆ, ಅದು ಎಷ್ಟು ಅಪರೂಪ ಎಂದು ನೀವೇ ಊಹಿಸಿಕೊಳ್ಳಿ.

ನಾಯಿಯ ದಾರಿಯೇ ಬೇರೆ

“ನಾಯಿಗಳು ಬರುತ್ತವಲ್ಲ?” ಎನ್ನುತ್ತೀರಿ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಳಗಾವಿ ಜಿಲ್ಲೆ ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿ ಗ್ರಾಮದ ‘ಮಹಾರಾಜ’ ಎಂಬ ಕರಿನಾಯಿ 2024ರಲ್ಲಿ ಪಾದಯಾತ್ರಿಗಳ ಜೊತೆ ಪಂಢರಪುರಕ್ಕೆ ನಡೆದುಹೋಗಿ, ಅಲ್ಲಿನ ಜನಜಂಗುಳಿಯಲ್ಲಿ ತಪ್ಪಿಸಿಕೊಂಡಿತು. ಹುಡುಕಿ ಸಿಗದೆ ಒಡೆಯರು ಊರಿಗೆ ಮರಳಿದರು. ಆಮೇಲೆ ಸುಮಾರು 250 ಕಿಲೋಮೀಟರ್ ದಾರಿ ಕ್ರಮಿಸಿ ನಾಯಿ ಒಂಟಿಯಾಗಿ ಮನೆ ಮುಂದೆ ಬಂದು ನಿಂತಿತು! ಊರವರು ಹಾರ ಹಾಕಿ, ಊಟ ಹಾಕಿಸಿ ಹಬ್ಬ ಮಾಡಿದರು.

ಆದರೆ ಒಂದು ಮಾತು ಗಮನಿಸಿ. ಮಹಾರಾಜ ಹೋಗುವಾಗ ತನ್ನ ಕಾಲ ಮೇಲೇ ನಡೆದುಹೋಗಿತ್ತು. ನಮ್ಮ ಬೆಕ್ಕೋ, ಬುಟ್ಟಿಯಲ್ಲಿ, ಆಟೋದಲ್ಲಿ, ಕಾರಿನಲ್ಲಿ ಹೋಗುತ್ತೆ. ದಾರಿಯ ವಾಸನೆ ಅದಕ್ಕೆ ತಿಳಿಯುವುದು ಹೇಗೆ?

ಬೆಕ್ಕಿನ ಪ್ರಪಂಚ ಚಿಕ್ಕದು, ಆದರೆ ಅದರ ಇಂಚಿಂಚೂ ಅದಕ್ಕೆ ಗೊತ್ತು. ಬಾಗಿಲು, ಗೋಡೆಯ ಮೂಲೆ, ನಿಮ್ಮ ಸೀರೆಯ ನೆರಿಗೆಗೆ ಅದು ಕೆನ್ನೆ ಉಜ್ಜುವುದು ಬರೀ ಮುದ್ದಿಗಲ್ಲ. ಕೆನ್ನೆಯಲ್ಲಿರುವ ಗ್ರಂಥಿಗಳಿಂದ ತನ್ನ ವಾಸನೆಯ ಗುರುತು ಹಾಕುತ್ತೆ. ಕಿವಿಯೂ ಬಲು ಚುರುಕು. ನಮಗೆ ಕೇಳಿಸದ ಇಲಿಮರಿಯ ಕೀರಲು ದನಿ ಅದಕ್ಕೆ ಕೇಳಿಸುತ್ತೆ. ವಾಸನೆ, ಸದ್ದು, ಕಣ್ಣಳತೆ ಮೂರೂ ಸೇರಿ ಅದರ ತಲೆಯಲ್ಲಿ ಬಡಾವಣೆಯ ನಕ್ಷೆ ಇರುತ್ತೆ. ಆ ನಕ್ಷೆಯ ಆಚೆ ಬಿದ್ದರೆ ಅದೂ ಪರದೇಶಿಯೇ.

ಹಾಗಾದರೆ ಎಲ್ಲಿರುತ್ತೆ?

ಇಲ್ಲಿಯೇ ಇದೆ ನೋಡಿ, ಗೃಹಿಣಿಯರು ತಿಳಿಯಬೇಕಾದ ಮುಖ್ಯ ವಿಷಯ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಹೊರದೇಶಗಳಲ್ಲಿ ಕಳೆದುಹೋದ 1,210 ಬೆಕ್ಕುಗಳ ವಿವರ ಕಲೆಹಾಕಿದರು. ನೂರಕ್ಕೆ 61 ಬೆಕ್ಕುಗಳು ವರ್ಷದೊಳಗೆ ಸಿಕ್ಕಿದವು. ನೂರಕ್ಕೆ 34 ಮೊದಲ ವಾರದಲ್ಲೇ ಜೀವಂತವಾಗಿ ಮನೆ ಸೇರಿದವು. ಮೂರು ತಿಂಗಳು ಕಳೆದ ಮೇಲೆ ಸಿಕ್ಕಿದವು ತೀರಾ ಕಡಿಮೆ. ಸಿಕ್ಕಿದವುಗಳಲ್ಲಿ ಮುಕ್ಕಾಲು ಪಾಲು ಇದ್ದದ್ದು ತಪ್ಪಿಸಿಕೊಂಡ ಜಾಗದಿಂದ ಅರ್ಧ ಕಿಲೋಮೀಟರಿನೊಳಗೆ. ಅರ್ಧದಷ್ಟು ಬೆಕ್ಕುಗಳಂತೂ ಬರೀ 50 ಮೀಟರ್ ಆಸುಪಾಸಿನಲ್ಲಿ!

ಅಂದರೆ, ನಾಲ್ಕಾರು ಮನೆಯಾಚೆ. ಹೆದರಿದ ಬೆಕ್ಕು ಓಡುವುದಕ್ಕಿಂತ ಅವಿತುಕೊಳ್ಳುವುದೇ ಹೆಚ್ಚು. ಅವಿತಾಗ ನೀವು ಕರೆದರೂ ‘ಮಿಯಾಂವ್’ ಎನ್ನದು. ಶತ್ರುವಿಗೆ ಗೊತ್ತಾದೀತು ಎಂಬ ಭಯ. “ತಾನೇ ಬರುತ್ತೆ ಬಿಡಿ” ಎಂದು ನಾವು ಸುಮ್ಮನಿದ್ದರೆ, ಪಕ್ಕದ ಮನೆಯ ಬೀಗ ಹಾಕಿದ ಗ್ಯಾರೇಜಿನಲ್ಲಿ ಅದು ನೀರಿಲ್ಲದೆ ಸಾಯಬಹುದು. ಕಾಯುವುದಲ್ಲ, ಹುಡುಕುವುದೇ ಉಪಾಯ.

ಹುಡುಕುವುದು ಹೇಗೆ?

• ಮೊದಲು ಮನೆಯೊಳಗೇ ನೋಡಿ. ಅಟ್ಟ, ಬೀರುವಿನ ಹಿಂಭಾಗ, ಹಾಸಿಗೆ ಸುರುಳಿ, ಸೌದೆಮನೆ ಯಾವುದನ್ನೂ ಬಿಡಬೇಡಿ.

• ಆಮೇಲೆ ಅಕ್ಕಪಕ್ಕದ ಹತ್ತು ಮನೆ. “ನೋಡಿದ್ರಾ?” ಅಂತ ಕೇಳಿದರೆ ಸಾಲದು. “ಒಂದು ಸಲ ಗ್ಯಾರೇಜು ತೆಗೀತೀರಾ? ನಾನೇ ನೋಡ್ತೀನಿ” ಅನ್ನಿ. ಸಂಪಿನ ಮುಚ್ಚಳ, ಮಹಡಿ ಮೆಟ್ಟಿಲ ಕೆಳಗು, ಕಟ್ಟುತ್ತಿರುವ ಮನೆ, ನಿಂತ ಕಾರಿನ ಅಡಿ ಇವೆಲ್ಲ ಅಡಗುವ ತಾಣಗಳು. ಹಳೇ ಬಡಾವಣೆಗಳ ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯನ್ನು ಮರೆಯಲೇಬೇಡಿ.

• ರಾತ್ರಿ ಬೀದಿ ಅಡಗಿದ ಮೇಲೆ ಟಾರ್ಚು ಹಿಡಿದು ಹೊರಡಿ; ಜೊತೆಗೆ ಯಾರನ್ನಾದರೂ ಕರೆದುಕೊಳ್ಳಿ. ಬೆಳಕು ಬಿದ್ದರೆ ಬೆಕ್ಕಿನ ಕಣ್ಣು ಥಳ್ಳೆಂದು ಹೊಳೆಯುತ್ತದೆ.

• ದಿನಾ ಊಟ ಹಾಕುವವರೇ ಕರೆಯಬೇಕು. ಬೆಕ್ಕುಗಳು ತಮ್ಮವರ ದನಿಯನ್ನು ಬೇರೆಯವರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತವೆ ಎಂದು ಜಪಾನಿನ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ಕಿರುಚದೆ, ಹಾಲು ಹಾಕುವಾಗ ಕರೆಯುವ ಹಾಗೆಯೇ ಮೆಲ್ಲಗೆ ಕರೆಯಿರಿ. ತಟ್ಟೆಯ ಸದ್ದು ಮಾಡಿದರೂ ಸರಿ.

• ಫೋಟೋ ಮತ್ತು ಫೋನ್ ನಂಬರು ಇರುವ ಚೀಟಿಯನ್ನು ಹಾಲಿನ ಬೂತು, ದಿನಸಿ ಅಂಗಡಿಗೆ ಕೊಡಿ. ಬಡಾವಣೆಯ ವಾಟ್ಸಾಪ್ ಗುಂಪಿಗೂ ಹಾಕಿ. ಪೇಪರ್ ಹುಡುಗ, ಹೂ ಮಾರುವಾಕೆ, ಪೌರಕಾರ್ಮಿಕರಿಗೆ ಹೇಳಿ. ಬೆಳಗಿನ ಜಾವ ಬೀದಿ ನೋಡುವವರು ಅವರೇ. ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್‌ನಂಥ ಪ್ರಾಣಿದಯಾ ಸಂಸ್ಥೆಗಳಿಗೂ ತಿಳಿಸಿ.

• ಸಿಕ್ಕಿದ ಮೇಲೆ ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಹಾಕದೆ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಕೆಲವು ದಿನ ಉಪವಾಸ ಬಿದ್ದ ಬೆಕ್ಕಿಗೆ ಪಿತ್ತಜನಕಾಂಗದ ತೊಂದರೆ ಬರುವುದುಂಟು. ಪಶುವೈದ್ಯರಿಗೆ ತೋರಿಸುವುದೇ ಕ್ಷೇಮ.

ಕಳೆಯದಂತೆ ಎಚ್ಚರ

ಬೆಕ್ಕು ತಪ್ಪಿಸಿಕೊಳ್ಳುವ ಒಂದು ಸಮಯ ಹಬ್ಬ. ದಸರೆಯ 21 ಕುಶಾಲತೋಪಿಗೆ ಅರಮನೆಯ ಹತ್ತಿರ ಆನೆ ಕುದುರೆಗಳಿಗೆ ಮೊದಲೇ ತಾಲೀಮು ಕೊಡುತ್ತಾರೆ. ನಿಮ್ಮ ಪುಟ್ಟಿಗೆ ಯಾರು ಕೊಟ್ಟಾರು? ಅಂದು, ಮತ್ತೆ ದೀಪಾವಳಿಯ ಪಟಾಕಿಯ ಸಂಜೆ, ಕತ್ತಲಾಗುವ ಮೊದಲೇ ಅದನ್ನು ಒಳಗಿನ ಕೋಣೆಯಲ್ಲಿ ಬಿಟ್ಟು ಕಿಟಕಿ ಹಾಕಿ.

ಇನ್ನೊಂದು, ಮನೆ ಬದಲಾಯಿಸುವಾಗ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಎನ್ನುವ ನಾವು, ಅದಕ್ಕೆ ಹೊಸ ಮನೆ ಒಗ್ಗುವುದು ಸುಲಭ ಎಂದುಕೊಳ್ಳುತ್ತೇವೆ. ಹಾಗಲ್ಲ. ಹೊಸ ಮನೆ ಹತ್ತಿರದಲ್ಲೇ ಇದ್ದರೆ ಹಳೇ ಮನೆಗೇ ಓಡಿಹೋಗುತ್ತೆ, ದೂರವಿದ್ದರೆ ನಡುದಾರಿಯಲ್ಲಿ ತಬ್ಬಿಬ್ಬಾಗುತ್ತೆ. ಎರಡು ಮೂರು ವಾರ ಮನೆಯೊಳಗೇ ಇಟ್ಟುಕೊಳ್ಳಿ. ಮಲಗುತ್ತಿದ್ದ ಹಳೇ ಬಟ್ಟೆಯನ್ನು ಒಗೆಯದೆ ಹಾಗೇ ಹಾಸಿ. ಹಳೇ ಮನೆಗೆ ಬಂದವರಿಗೆ, ನೆರೆಯವರಿಗೆ ನಿಮ್ಮ ನಂಬರು ಕೊಟ್ಟಿರಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಲೆದಾಟ ಕಡಿಮೆಯಾಗುತ್ತೆ. ಅಕ್ಕಿಕಾಳಿನಷ್ಟು ಗಾತ್ರದ ಚಿಪ್ಪನ್ನು ಪಶುವೈದ್ಯರಲ್ಲಿ ಹಾಕಿಸಬಹುದು. ಅದು ಬೆಕ್ಕು ಎಲ್ಲಿದೆ ಎಂದು ಹೇಳುವುದಿಲ್ಲ. ಸಿಕ್ಕಿದ ಬೆಕ್ಕು ಯಾರದೆಂದು ಹೇಳುತ್ತದೆ, ಅಷ್ಟೆ.

ಕೊನೆಗೆ ಗೋಣಿಚೀಲದ ವಿಷಯ. “ಬಿಟ್ಟು ಬಂದರೂ ಬರುತ್ತೆ” ಎಂಬ ನಂಬಿಕೆಯಿಂದಲೇ ಎಷ್ಟೋ ಮನೆಯವರು ಬೇಡವಾದ ಬೆಕ್ಕನ್ನು, ಕಣ್ಣು ಬಿಡದ ಮರಿಗಳನ್ನು ಮಾರುಕಟ್ಟೆ ಹತ್ತಿರ, ಬೆಟ್ಟದ ತಪ್ಪಲಲ್ಲಿ ಬಿಟ್ಟು ಬರುತ್ತಾರೆ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಬರದೇ ಹೋದ ಬೆಕ್ಕಿನ ಕಥೆಯನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಬಂದವುಗಳ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತೆ. ನಿಮ್ಮ ಮನೆಯಲ್ಲಿ ಯಾರಾದರೂ ಚೀಲ ಕೈಗೆತ್ತಿಕೊಂಡರೆ ಈ ಮಾತು ಅವರಿಗೆ ಹೇಳಿ. ಹಾಗೆಯೇ, ಎದುರು ಮನೆಯಾಕೆ ನಾಳೆ ಬಂದು “ನಮ್ಮ ಪುಟ್ಟಿ ಕಾಣಿಸ್ತಿಲ್ಲ ರೀ” ಅಂದರೆ, ಟಾರ್ಚು ತೆಗೆದುಕೊಂಡು ಅವರ ಜೊತೆ ಹೊರಡಿ.